ಹೊರಗೆ ಹೋಗುವುದನ್ನಷ್ಟೇ ಬಲ್ಲ ಪೆಟ್ಟಿಗೆ

ರೂಟರ್‌ನ ನಿರ್ವಹಣಾ ಪುಟಗಳಲ್ಲಿ ಒಂದನ್ನು ವಿಪಿಎನ್ ಸರ್ವರ್‌ಗೆಂದೇ, ಅಂದರೆ ಹೊರಗಿರುವ ಫೋನಿಗೆ ಮನೆಯ ಜಾಲದೊಳಗೆ ಬರಲು ಗೂಢಲಿಪಿಯ ಸುರಂಗ ಕೊಡುವ ಪ್ರೋಗ್ರಾಂಗೆಂದೇ, ಮೀಸಲಿಟ್ಟಿರುತ್ತಾರೆ. ಚಾಲೂ ಮಾಡಲು ಒಂದು ಗುಂಡಿ, ಪೋರ್ಟ್ ಸಂಖ್ಯೆಗೆ (ಯಂತ್ರದೊಳಗೆ ಯಾವ ಪ್ರೋಗ್ರಾಂನ ಬಾಗಿಲು ಎಂದು ಹೇಳುವ ಸಂಖ್ಯೆಗೆ) ಒಂದು ಚೌಕ, ಬಳಕೆದಾರರನ್ನು ಸೇರಿಸಲು ಒಂದು ಪಟ್ಟಿ, ಫೋನಿಗೆ ಇಳಿಸಿಕೊಳ್ಳಲು ಒಂದು ಫೈಲ್. ಗುಂಡಿ ಒತ್ತಿದೊಡನೆ ಪಕ್ಕದಲ್ಲಿ ಹಸಿರು ಚುಕ್ಕಿ ಹೊತ್ತಿಕೊಳ್ಳುತ್ತದೆ. ಆ ಚುಕ್ಕಿಯ ಮೇಲೆ ನನಗೆ ಹಳೆಯ ಸಿಟ್ಟಿದೆ. ರೂಟರ್‌ನೊಳಗೆ ಒಂದು ಪ್ರೋಗ್ರಾಂ ಓಡುತ್ತಿದೆ ಎಂಬುದಕ್ಕಿಂತ ಹೆಚ್ಚಿನದೇನನ್ನೂ ಅದು ಹೇಳುವುದಿಲ್ಲ. ಹೊರಗಿನಿಂದ ಬರುವ ಪ್ಯಾಕೆಟ್, ಅಂದರೆ ಮಾಹಿತಿಯ ಪುಟ್ಟ ಪೊಟ್ಟಣ, ಆ ಪ್ರೋಗ್ರಾಂ ಅನ್ನು ಮುಟ್ಟುತ್ತದೆಯೇ, ಮುಟ್ಟಿದರೆ ಉತ್ತರ ಮರಳಿ ಹೋಗುತ್ತದೆಯೇ, ಆಮೇಲಾದರೂ ಮನೆಯ ಯಾವುದಾದರೂ ಯಂತ್ರ ಮಾತನಾಡುತ್ತದೆಯೇ ಎಂಬುದೆಲ್ಲ ಚುಕ್ಕಿಗೆ ಸಂಬಂಧಿಸಿದ್ದಲ್ಲ.

ನನಗೆ ಬೇಕಾಗಿದ್ದುದು ದೊಡ್ಡದೇನಲ್ಲ. ಮನೆಯಲ್ಲೊಂದು ಹಾರ್ಡ್ ಡಿಸ್ಕ್ ಇದೆ, ಅದರಲ್ಲಿ ಕುಟುಂಬದ ಫೋಟೋಗಳಿವೆ. ಬಾಗಿಲ ಬಳಿ ಒಂದು ಕ್ಯಾಮೆರಾ ಇದೆ. ರಾತ್ರಿಯೆಲ್ಲ ಓಡುತ್ತಿರುವ ಒಂದು ಹಳೆಯ ಕಂಪ್ಯೂಟರ್ ಇದೆ. ಊರಾಚೆ ಇದ್ದಾಗಲೂ ಇವು ಕೈಗೆ ಸಿಗಬೇಕು, ಆದರೆ ಜಗತ್ತಿಗೆಲ್ಲ ಕಾಣಬಾರದು. ಕ್ಯಾಮೆರಾದ ಪೋರ್ಟನ್ನು ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಡುವವರನ್ನು ನೋಡಿದ್ದೇನೆ. ಅದು ಐದು ನಿಮಿಷದ ಕೆಲಸ, ಮತ್ತು ಎಂದಿಗೂ ಮಾಡಬಾರದ ಕೆಲಸ. ತೆರೆದ ಪೋರ್ಟುಗಳನ್ನು ಹುಡುಕುತ್ತ ಅಲೆಯುವ ಯಂತ್ರಗಳು ಹಗಲಿರುಳು ನಿದ್ದೆ ಮಾಡುವುದಿಲ್ಲ. ಒಂದೇ ಬಾಗಿಲು, ಅದಕ್ಕೆ ಗಟ್ಟಿಯಾದ ಬೀಗ: ವಿಪಿಎನ್ ಸರ್ವರ್ ಎಂದರೆ ಅಷ್ಟೇ.

ಇದು ಇಷ್ಟು ಕಷ್ಟವೇಕೆ ಎಂದು ಯೋಚಿಸುತ್ತ ಹೋದಾಗ ನನಗೆ ಹೊಳೆದದ್ದು, ಮನೆಯ ರೂಟರ್ ಈ ಕೆಲಸಕ್ಕೆ ಹುಟ್ಟಿದ್ದೇ ಅಲ್ಲ ಎಂಬುದು. ಅದು ಹುಟ್ಟಿದ್ದು ಹೊರಗೆ ಹೋಗುವವರಿಗಾಗಿ. ಮನೆಯೊಳಗಿನ ಯಂತ್ರಗಳಿಗೆ 192.168 ಅಥವಾ 10ರಿಂದ ಶುರುವಾಗುವ ಖಾಸಗಿ ವಿಳಾಸಗಳಿರುತ್ತವೆ. ಅವು ಇಂಟರ್ನೆಟ್ಟಿನಲ್ಲಿ ಚಲಾವಣೆಯಾಗುವುದಿಲ್ಲ. ಫೋನು ಒಂದು ಜಾಲತಾಣವನ್ನು ಕೇಳಿದಾಗ ರೂಟರ್ ಆ ಪ್ಯಾಕೆಟ್ಟಿನ ವಿಳಾಸವನ್ನು ಬದಲಿಸಿ ತನ್ನ ವಿಳಾಸ ಹಾಕುತ್ತದೆ. ಯಾರು ಯಾರನ್ನು ಕೇಳಿದರು ಎಂದು ಒಂದು ಕೋಷ್ಟಕದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಉತ್ತರ ಬಂದಾಗ ಕೋಷ್ಟಕ ನೋಡಿ ಒಳಗೆ ಕಳಿಸುತ್ತದೆ. ಕೋಷ್ಟಕದಲ್ಲಿ ಇಲ್ಲದ್ದು ಬಂದರೆ ಎಸೆಯುತ್ತದೆ. ಒಳಗಿನವರು ಮೊದಲು ಮಾತನಾಡಬೇಕು, ಹೊರಗಿನವರು ಉತ್ತರಿಸಬೇಕು ಎಂಬುದೇ ಇಡೀ ಏರ್ಪಾಡಿನ ನಿಯಮ. ವಿಪಿಎನ್ ಸರ್ವರ್ ಈ ನಿಯಮವನ್ನು ತಿರುಗಿಸುತ್ತದೆ. ಹೊರಗಿನವರು ಮೊದಲು ಮಾತನಾಡುತ್ತಾರೆ. ನಾನು ಎದುರಿಸಿದ ತೊಂದರೆಗಳಲ್ಲಿ ಬಹುಪಾಲು ಈ ಒಂದು ತಿರುವಿನಿಂದಲೇ ಹುಟ್ಟಿದವು.

ಅವುಗಳಲ್ಲಿ ಮೊದಲನೆಯದು, ನಮ್ಮ ಮನೆಗೆ ಇಂಟರ್ನೆಟ್ಟಿನಲ್ಲಿ ವಿಳಾಸವೇ ಇಲ್ಲ ಎಂಬ ಸಂಗತಿ.

ಇಂಟರ್ನೆಟ್ಟಿನ ಹಳೆಯ ವಿಳಾಸ ಪದ್ಧತಿಯಾದ ಐಪಿವಿ4ರ ವಿಳಾಸಗಳು 32 ಬಿಟ್ಟಿನವು. ಒಟ್ಟು ಲೆಕ್ಕ ಹಾಕಿದರೆ ಸುಮಾರು 430 ಕೋಟಿ. 2011ರ ಫೆಬ್ರುವರಿ 3ರಂದು ಕೇಂದ್ರ ಉಗ್ರಾಣದ ಕೊನೆಯ ಕಂತುಗಳು ಪ್ರಾದೇಶಿಕ ಸಂಸ್ಥೆಗಳಿಗೆ ಹಂಚಿಹೋದವು. ಅಲ್ಲಿಂದಾಚೆಗೆ ಅನೇಕ ಸೇವಾ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಹಲವು ಮನೆಗಳನ್ನು ಕೂರಿಸತೊಡಗಿದವು. ರೂಟರ್ ಮನೆಯೊಳಗೆ ಏನು ಮಾಡುತ್ತದೆಯೋ ಅದನ್ನೇ ಕಂಪನಿ ಇಡೀ ಬಡಾವಣೆಗೆ ಮಾಡುತ್ತದೆ. ಇದಕ್ಕೆಂದೇ 2012ರಲ್ಲಿ 100.64.0.0ಯಿಂದ 100.127.255.255ರವರೆಗಿನ ವ್ಯಾಪ್ತಿಯನ್ನು ಮೀಸಲಿಟ್ಟರು. ರೂಟರ್‌ನ ಸ್ಥಿತಿ ಪುಟದಲ್ಲಿ 'ವ್ಯಾನ್' (ಹೊರಜಾಲದ ಕಡೆ) ಎಂಬ ಸಾಲಿನ ಮುಂದೆ ಈ ವ್ಯಾಪ್ತಿಯ ವಿಳಾಸ ಕಂಡರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಬಹುದು. ನಿಮ್ಮ ರೂಟರ್‌ನಲ್ಲಿ ಎಷ್ಟು ಪೋರ್ಟ್ ತೆರೆದರೂ, ಅದಕ್ಕಿಂತ ಮೇಲಿನ ಕಂಪನಿಯ ಯಂತ್ರದ ಕೋಷ್ಟಕದಲ್ಲಿ ನಿಮ್ಮ ಹೆಸರಿಲ್ಲ. ಕೆಲವು ಕಂಪನಿಗಳು ಇದೇ ಕೆಲಸಕ್ಕೆ 10ರಿಂದ ಶುರುವಾಗುವ ಖಾಸಗಿ ವಿಳಾಸವನ್ನೂ ಬಳಸುತ್ತವೆ. ಹಾಗಾಗಿ ನಂಬಬಹುದಾದ ಪರೀಕ್ಷೆ ಇದು: ರೂಟರ್ ತನ್ನದೆಂದು ಹೇಳುವ ವಿಳಾಸವನ್ನೂ, 'ನನ್ನ ಐಪಿ ಯಾವುದು' ಎಂದು ತಿಳಿಸುವ ಯಾವುದೇ ಜಾಲತಾಣ ತೋರಿಸುವ ವಿಳಾಸವನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ಎರಡೂ ಒಂದೇ ಆಗಿದ್ದರೆ ಮುಂದುವರಿಯಿರಿ. ಬೇರೆಯಾಗಿದ್ದರೆ ನಡುವೆ ಯಾರೋ ಇದ್ದಾರೆ.

ನನ್ನ ವಿಷಯದಲ್ಲಿ ಬೇರೆಯಾಗಿದ್ದವು. ಸೇವಾ ಕಂಪನಿಗೆ ಫೋನ್ ಮಾಡಿದೆ.

"ಸರ್, ನಿಮ್ಮ ಇಂಟರ್ನೆಟ್ ಬರುತ್ತಿದೆಯಲ್ಲವೇ?" ಎಂದರು ಆ ಕಡೆಯವರು.

"ಬರುತ್ತಿದೆ. ನಾನು ಹೊರಗಿನಿಂದ ಮನೆಗೆ ಬರುವ ಬಗ್ಗೆ ಕೇಳುತ್ತಿದ್ದೇನೆ."

"ವೇಗ ಸರಿಯಾಗಿದೆಯೇ ಸರ್? ಒಮ್ಮೆ ರೂಟರ್ ಆಫ್ ಮಾಡಿ ಆನ್ ಮಾಡಿ ನೋಡಿ."

ಅವರನ್ನು ದೂರಿ ಪ್ರಯೋಜನವಿಲ್ಲ. ಅವರ ಮುಂದಿರುವ ಪರದೆಯಲ್ಲಿ 'ಒಳಗೆ ಬರುವುದು' ಎಂಬ ದೂರಿಗೆ ಚೌಕವೇ ಇರಲಿಕ್ಕಿಲ್ಲ. ಹೊರಗೆ ಹೋಗುವುದಷ್ಟೇ ಅವರು ಮಾರುವ ಸರಕು. ಸಾರ್ವಜನಿಕ ವಿಳಾಸ ಬೇಕೆಂದು ನೇರವಾಗಿ ಕೇಳಿದ ಮೇಲೆ ಮಾತು ಬೇರೆ ದಾರಿ ಹಿಡಿಯಿತು, ಅದಕ್ಕೆ ಬೇರೆ ಶುಲ್ಕವಿತ್ತು. ಆದ್ದರಿಂದ ಸಮಸ್ಯೆಯನ್ನು ವಿವರಿಸುವ ಬದಲು 'ಸಾರ್ವಜನಿಕ ಐಪಿವಿ4 ವಿಳಾಸ' ಎಂಬ ಪದಗಳನ್ನೇ ಮೊದಲ ವಾಕ್ಯದಲ್ಲಿ ಹೇಳಿಬಿಡುವುದು ಒಳ್ಳೆಯದು.

ಶುಲ್ಕ ಕೊಡಲು ಇಷ್ಟವಿಲ್ಲದವರಿಗೆ ಎರಡು ದಾರಿಗಳಿವೆ. ಮನೆಗೆ ಹೊಸ ವಿಳಾಸ ಪದ್ಧತಿಯಾದ ಐಪಿವಿ6 ಬರುತ್ತಿದ್ದರೆ ಅಲ್ಲಿ ವಿಳಾಸಗಳಿಗೆ ಬರವಿಲ್ಲ, ರೂಟರ್‌ನ ಐಪಿವಿ6 ಫೈರ್‌ವಾಲ್‌ನಲ್ಲಿ (ಯಾವ ಪ್ಯಾಕೆಟ್ ಒಳಬರಬಹುದೆಂದು ತೀರ್ಮಾನಿಸುವ ಕಾವಲಿನಲ್ಲಿ) ಪ್ರತ್ಯೇಕವಾಗಿ ಒಂದು ನಿಯಮ ಬರೆದರೆ ಸಾಕು. ಆದರೆ ನೀವು ಹೋದಲ್ಲಿಯೂ ಐಪಿವಿ6 ಇರಬೇಕು. ಇನ್ನೊಂದು ದಾರಿಯೆಂದರೆ ಎಲ್ಲೋ ಒಂದು ಚಿಕ್ಕ ಸರ್ವರ್ ಬಾಡಿಗೆಗೆ ಹಿಡಿದು, ಮನೆಯ ರೂಟರ್ ಅದಕ್ಕೆ ತಾನಾಗಿ ಕರೆ ಮಾಡುವಂತೆ ಮಾಡುವುದು. 25 ಸೆಕೆಂಡಿಗೊಮ್ಮೆ ಒಂದು ಖಾಲಿ ಪ್ಯಾಕೆಟ್ ಕಳಿಸುತ್ತಿದ್ದರೆ ನಡುವಿನ ಯಂತ್ರಗಳ ಕೋಷ್ಟಕದಲ್ಲಿ ಮನೆಯ ಹೆಸರು ಅಳಿಯದೆ ಉಳಿಯುತ್ತದೆ. ತನ್ನನ್ನು ಯಾರಾದರೂ ಕರೆಯಲಿ ಎಂಬ ಆಸೆಗೆ ಮನೆಯೇ ಹೊರಗೆ ಹೋಗಿ ಕಾಯುತ್ತ ನಿಲ್ಲುವ ಈ ವ್ಯವಸ್ಥೆ ನನಗೆ ವಿಚಿತ್ರವಾಗಿ ಕಾಣುತ್ತದೆ, ಆದರೆ ಚೆನ್ನಾಗಿಯೇ ನಡೆಯುತ್ತದೆ.

ಕಂಪನಿ ಕೊಟ್ಟ ಪೆಟ್ಟಿಗೆಯ ಹಿಂದೆ ಸ್ವಂತ ರೂಟರ್ ಇಟ್ಟುಕೊಂಡವರಿಗೆ ಇದೇ ತೊಂದರೆ ಮನೆಯೊಳಗೇ ಬರುತ್ತದೆ. ಸ್ವಂತ ರೂಟರ್‌ನ ವ್ಯಾನ್ ವಿಳಾಸ 192.168ರಿಂದ ಶುರುವಾಗಿದ್ದರೆ ಅದೇ ಗುರುತು. ಕಂಪನಿಯ ಪೆಟ್ಟಿಗೆಯನ್ನು ವಿಳಾಸ ಬದಲಿಸದೆ ಪ್ಯಾಕೆಟ್ಟನ್ನು ಹಾಗೆಯೇ ದಾಟಿಸುವ ಬ್ರಿಡ್ಜ್ ಮೋಡ್‌ಗೆ ಹಾಕಿಸಬೇಕು, ಇಲ್ಲವೇ ಅದರಲ್ಲಿಯೂ ಆ ಪೋರ್ಟಿಗೆ ಬಂದದ್ದನ್ನು ಸ್ವಂತ ರೂಟರ್‌ಗೆ ತಿರುಗಿಸಬೇಕು.

ವಿಳಾಸದ ಪ್ರಶ್ನೆ ಬಗೆಹರಿದ ಮೇಲೆ ಎದುರಾಗುವುದು ಮೌನ. ತೊಂದರೆ ಹುಡುಕುವವರ ತಾಳ್ಮೆ ಮುಗಿಯುವುದು ಇಲ್ಲಿಯೇ.

ವೈರ್‌ಗಾರ್ಡ್ ಎಂಬ ವಿಪಿಎನ್ 2020ರಲ್ಲಿ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ನ 5.6ನೇ ಆವೃತ್ತಿಯೊಳಗೇ ಸೇರಿಕೊಂಡಿತು. ಈಗ ಎಷ್ಟೋ ರೂಟರ್‌ಗಳಲ್ಲಿ ಸಿಗುತ್ತದೆ. ಅದರ ಒಂದು ಗುಣವೆಂದರೆ, ಸರಿಯಾದ ಕೀಲಿ, ಅಂದರೆ ಗುರುತಿನ ಉದ್ದನೆಯ ಅಕ್ಷರಸಾಲು, ಇಲ್ಲದೆ ಬಂದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ. 'ಇಲ್ಲ' ಎಂದೂ ಹೇಳುವುದಿಲ್ಲ. ಪೋರ್ಟುಗಳನ್ನು ತಡಕುತ್ತ ಬರುವವರಿಗೆ ಅಲ್ಲಿ ಏನಾದರೂ ಇದೆಯೆಂದೇ ತಿಳಿಯದು. ಭದ್ರತೆಯ ದೃಷ್ಟಿಯಿಂದ ಇದು ಬಹಳ ಸೊಗಸಾದ ಏರ್ಪಾಡು. ಆದರೆ ಕೀಲಿಯಲ್ಲಿ ಒಂದು ಅಕ್ಷರ ತಪ್ಪಿದರೂ, ಪೋರ್ಟ್ ಮುಚ್ಚಿದ್ದರೂ, ವಿಳಾಸವೇ ಸುಳ್ಳಾಗಿದ್ದರೂ ಹೊರಗಿರುವವರಿಗೆ ಕಾಣುವುದು ಒಂದೇ ಮೌನ. 'ನಿಮ್ಮ ಪೋರ್ಟ್ ತೆರೆದಿದೆಯೇ' ಎಂದು ಪರೀಕ್ಷಿಸುವ ಜಾಲತಾಣಗಳೂ ಇಲ್ಲಿ ನೆರವಾಗುವುದಿಲ್ಲ. ಅವುಗಳಲ್ಲಿ ಹೆಚ್ಚಿನವು ಮೊದಲು ಸಂಪರ್ಕ ಕುದುರಿಸಿಕೊಂಡು ಕಳಿಸುವ ಟಿಸಿಪಿ ವಿಧಾನವನ್ನಷ್ಟೇ ತಟ್ಟಿ ನೋಡುತ್ತವೆ, ವೈರ್‌ಗಾರ್ಡ್ ಇರುವುದು ಹಾಗೆ ಮಾಡದ ಯುಡಿಪಿ ವಿಧಾನದಲ್ಲಿ. ಎಲ್ಲ ಸರಿಯಿದ್ದರೂ 'ಮುಚ್ಚಿದೆ' ಎಂದೇ ಹೇಳುತ್ತವೆ. ಇನ್ನೊಂದು ವಿಪಿಎನ್ ಆದ ಓಪನ್‌ವಿಪಿಎನ್ ಸ್ವಲ್ಪ ಮಾತುಗಾರ. 60 ಸೆಕೆಂಡು ಕಾದು, ಕೀಲಿಯ ಮಾತುಕತೆ ನಡೆಯಲಿಲ್ಲ, ಜಾಲದ ಸಂಪರ್ಕ ಪರೀಕ್ಷಿಸಿ ಎನ್ನುತ್ತದೆ. ಮಾತು ಹೆಚ್ಚು, ತಿಳಿಯುವುದು ಅಷ್ಟೇ.

ಫೋನಿನಲ್ಲಿರುವ ವೈರ್‌ಗಾರ್ಡ್ ಆ್ಯಪ್ ಇನ್ನೂ ಒಂದು ಕೈ ಮುಂದೆ. ಸ್ವಿಚ್ ಒತ್ತಿದ ಕೂಡಲೇ ಮೇಲಿನ ಪಟ್ಟಿಯಲ್ಲಿ ಕೀಲಿಕೈ ಚಿತ್ರ ಬರುತ್ತದೆ. ಸಂಪರ್ಕವಾಯಿತೆಂದು ಯಾರಾದರೂ ತಿಳಿಯುತ್ತಾರೆ. ವಾಸ್ತವದಲ್ಲಿ ಫೋನು ತನ್ನ ಕಡೆಯ ತುದಿಯನ್ನು ಸಿದ್ಧಮಾಡಿಕೊಂಡಿದೆ, ಅಷ್ಟೇ. ಅದೇ ಪರದೆಯಲ್ಲಿ ಕೆಳಗೆ ಎರಡು ಅಂಕಿಗಳಿರುತ್ತವೆ: ಕಳಿಸಿದ್ದು ಎಷ್ಟು, ಬಂದದ್ದು ಎಷ್ಟು. ಕಳಿಸಿದ್ದು ಏರುತ್ತ ಹೋಗಿ ಬಂದದ್ದು ಸೊನ್ನೆಯಲ್ಲೇ ನಿಂತಿದ್ದರೆ ಆ ಚಿತ್ರಕ್ಕೆ ಬೆಲೆಯಿಲ್ಲ. ಅಂಕಿಗಳನ್ನು ನಂಬಬೇಕು, ಚಿತ್ರಗಳನ್ನಲ್ಲ ಎಂಬುದು ಈ ವಿದ್ಯೆಯಲ್ಲಿ ನಾನು ಕಟ್ಟಾ ನಂಬುವ ಒಂದೇ ಮಾತು.

ಹೀಗೆ ಎಲ್ಲ ಕಡೆ ಮೌನವಿರುವಾಗ ಒಂದೊಂದೇ ಸೆಟ್ಟಿಂಗ್ ಬದಲಿಸಿ ನೋಡುತ್ತ ಹೋಗುವುದು ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತೆ. ಕೇಳಬೇಕಾದ ಪ್ರಶ್ನೆ 'ಯಾವ ಸೆಟ್ಟಿಂಗ್ ತಪ್ಪು' ಎಂಬುದಲ್ಲ, 'ಪ್ಯಾಕೆಟ್ ಎಲ್ಲಿಯವರೆಗೆ ಬಂತು' ಎಂಬುದು. ಅದನ್ನು ನೋಡಲು ರೂಟರ್‌ನೊಳಗೆ ಹೊಕ್ಕು ಹಾದುಹೋಗುವ ಪ್ಯಾಕೆಟ್ಟುಗಳನ್ನು ತೋರಿಸುವ ಟಿಸಿಪಿಡಂಪ್ ಎಂಬ ಉಪಕರಣವನ್ನು ವ್ಯಾನ್ ಕಡೆಗೆ ತಿರುಗಿಸಿ ಕೂರಬೇಕು. ಓಪನ್‌ಡಬ್ಲ್ಯುಆರ್‌ಟಿಯಂತಹ ಫರ್ಮ್‌ವೇರ್ (ರೂಟರ್ ನಡೆಸುವ ತಂತ್ರಾಂಶ) ಇದ್ದರೆ ಇದು ಸುಲಭ. ಕಂಪನಿಯ ಮೂಲ ಫರ್ಮ್‌ವೇರ್‌ನಲ್ಲಿ ಎಷ್ಟೋ ಸಲ ಸಾಧ್ಯವೇ ಇಲ್ಲ, ಅಂತಹ ರೂಟರ್‌ನಲ್ಲಿ ಸರ್ವರ್ ನಡೆಸಲು ನನಗೆ ಮನಸ್ಸೂ ಇಲ್ಲ. ವೈರ್‌ಗಾರ್ಡ್‌ನ ರೂಢಿಯ 51820 ಎಂಬ ಪೋರ್ಟಿಗೆ ಬರುವುದನ್ನು ಮಾತ್ರ ತೋರಿಸು ಎಂದು ಹೇಳಿ, ಫೋನಿನ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ಸ್ವಿಚ್ ಒತ್ತಬೇಕು.

ವೈಫೈ ಆರಿಸುವುದು ಮುಖ್ಯ. ಮನೆಯೊಳಗೇ ಕುಳಿತು ಮನೆಯ ಸಾರ್ವಜನಿಕ ವಿಳಾಸಕ್ಕೆ ಕರೆ ಮಾಡಿದರೆ ಪ್ಯಾಕೆಟ್ ರೂಟರ್‌ವರೆಗೆ ಹೋಗಿ ಅಲ್ಲಿಂದಲೇ ಮರಳಬೇಕು. ಕೆಲವು ರೂಟರ್‌ಗಳು ಹಾಗೆ ತಿರುಗಿಸುತ್ತವೆ, ಕೆಲವು ತಿರುಗಿಸುವುದಿಲ್ಲ. ಅಲ್ಲಿ ಗೆದ್ದರೂ ಸೋತರೂ ಹೊರಗಿನ ಸ್ಥಿತಿ ಏನೆಂದು ತಿಳಿಯುವುದಿಲ್ಲ.

ಕಪ್ಪು ಪರದೆ. ಮೊದಲು ಏನೂ ಇಲ್ಲ. ಆಮೇಲೆ ಒಂದು ಸಾಲು ಮೂಡುತ್ತದೆ: ಮೊಬೈಲ್ ಕಂಪನಿಯ ಯಾವುದೋ ವಿಳಾಸದಿಂದ ನನ್ನ ವಿಳಾಸಕ್ಕೆ, ಯುಡಿಪಿ, ಉದ್ದ 148. ಐದು ಸೆಕೆಂಡು ಕಳೆದು ಮತ್ತೊಂದು, ಉದ್ದ 148. ಮತ್ತೆ ಐದು ಸೆಕೆಂಡು, ಮತ್ತೊಂದು. ವೈರ್‌ಗಾರ್ಡ್‌ನ ಮೊದಲ ಕರೆ ಯಾವಾಗಲೂ 148 ಬೈಟ್, ಅದಕ್ಕೆ ಬರುವ ಉತ್ತರ 92 ಬೈಟ್. ಈ ಎರಡು ಅಂಕಿಗಳು ಗೊತ್ತಿದ್ದರೆ ಗೂಢಲಿಪಿಯ ಒಂದಕ್ಷರವನ್ನೂ ಓದದೆ ಇಡೀ ಕಥೆ ತಿಳಿಯುತ್ತದೆ. ಪರದೆಯಲ್ಲಿ ಸಾಲೇ ಮೂಡದಿದ್ದರೆ ತೊಂದರೆ ಮನೆಯಾಚೆ ಇದೆ, ರೂಟರ್‌ನ ಸೆಟ್ಟಿಂಗುಗಳನ್ನು ಮುಟ್ಟುವುದೇ ಬೇಡ. 148 ಮಾತ್ರ ಬರುತ್ತಿದ್ದು 92 ಹೋಗದಿದ್ದರೆ ಇಂಟರ್ನೆಟ್ಟಿನ ದಾರಿಯೆಲ್ಲ ಸರಿಯಿದೆ, ತಡೆ ರೂಟರ್‌ನೊಳಗೆ. ಒಳಬರುವ ಪ್ಯಾಕೆಟ್ಟನ್ನು ಟಿಸಿಪಿಡಂಪ್ ಫೈರ್‌ವಾಲ್‌ಗಿಂತ ಮೊದಲೇ ನೋಡುತ್ತದೆ ಎಂಬುದನ್ನು ನೆನಪಿಡಬೇಕು. ಇಲ್ಲಿ ಕಂಡದ್ದು ಸರ್ವರ್‌ಗೆ ತಲುಪಿದೆ ಎಂದೇನಲ್ಲ. ಆಗ ಫೈರ್‌ವಾಲ್ ನಿಯಮದ ಪಕ್ಕದಲ್ಲಿರುವ ಎಣಿಕೆಯನ್ನು ನೋಡುವುದು. ಅದು ಏರುತ್ತಿದ್ದರೆ ಫೈರ್‌ವಾಲ್ ಬಿಟ್ಟಿದೆ, ಉಳಿದ ಅನುಮಾನ ಕೀಲಿಗಳ ಮೇಲೆ. ರೂಟರ್‌ನಲ್ಲಿ ಫೋನಿನ ಸಾರ್ವಜನಿಕ ಕೀಲಿ ಇರಬೇಕು, ಫೋನಿನಲ್ಲಿ ರೂಟರ್‌ನ ಸಾರ್ವಜನಿಕ ಕೀಲಿ. ಎರಡೂ ನೋಡಲು ಒಂದೇ ತರಹದ ಅಕ್ಷರಗಳ ಗೋಜಲು, ಅದಲುಬದಲಾದರೆ ಕಣ್ಣಿಗೆ ಬೀಳುವುದಿಲ್ಲ.

ನಮ್ಮಲ್ಲಿ ಎಣಿಕೆ ಸೊನ್ನೆಯಲ್ಲಿತ್ತು. ನಿರ್ವಹಣಾ ಪುಟದಲ್ಲಿ ಗುಂಡಿ ಒತ್ತಿದರೆ ಸರ್ವರ್ ಏಳುತ್ತದೆ, ಆದರೆ ಫೈರ್‌ವಾಲ್‌ನಲ್ಲಿ ದಾರಿ ತೆರೆಯುವುದು ಬೇರೆ ಪುಟದ ಕೆಲಸ. ಹಸಿರು ಚುಕ್ಕಿ ಮಾತ್ರ ಮೊದಲ ದಿನದಿಂದಲೂ ಬೆಳಗುತ್ತಿತ್ತು. ನಿಯಮ ಬರೆದೊಡನೆ 148ರ ಬೆನ್ನಿಗೇ 92 ಬಂತು, ಅದರ ಹಿಂದೆ ಬೇರೆ ಬೇರೆ ಉದ್ದದ ಸಾಲುಗಳು ಮಳೆಯಂತೆ ಸುರಿದವು.

ಇಷ್ಟಾದ ಮೇಲೆ ಎಲ್ಲ ಮುಗಿಯಿತೆಂದುಕೊಂಡರೆ, ಮೊಬೈಲ್ ಡೇಟಾದಲ್ಲಿ ಸಲೀಸಾಗಿ ಓಡುವ ಸುರಂಗ ಗೆಳೆಯರ ಮನೆಯ ವೈಫೈಯಲ್ಲಿ ಸತ್ತಂತೆ ಬಿದ್ದಿರುತ್ತದೆ. ಕೈಕುಲುಕು (148, 92ರ ಆ ಮೊದಲ ಮಾತುಕತೆ) ಆಗಿದೆ, ಅಂಕಿಗಳು ಏರುತ್ತಿವೆ, ಹಾರ್ಡ್ ಡಿಸ್ಕ್ ಮಾತ್ರ ಸಿಗುತ್ತಿಲ್ಲ. ಕಾರಣ ಸರಳ: ಅವರ ಮನೆಯ ಜಾಲವೂ 192.168.1, ನಮ್ಮದೂ 192.168.1. ಡಿಸ್ಕಿನ ವಿಳಾಸ 192.168.1.20 ಎಂದು ಕೇಳಿದರೆ ಫೋನು ಅದನ್ನು ತಾನಿರುವ ಮನೆಯಲ್ಲೇ ಹುಡುಕುತ್ತದೆ. ರೂಟರ್ ತಯಾರಕರು ಒಂದೆರಡು ವ್ಯಾಪ್ತಿಗಳನ್ನೇ ಎಲ್ಲ ಪೆಟ್ಟಿಗೆಗಳಿಗೂ ಹಾಕಿ ಕಳಿಸುತ್ತಾರೆ. ಹೊರಗೆ ಹೋಗುವವರಿಗೆ ಇದರಿಂದ ಏನೂ ಬಾಧಕವಿಲ್ಲ. ಒಂದು ಮನೆ ಇನ್ನೊಂದು ಮನೆಯನ್ನು ಭೇಟಿಯಾಗುವ ಪ್ರಸಂಗ ಅವರ ಲೆಕ್ಕದಲ್ಲಿ ಇದ್ದಂತಿಲ್ಲ. ಮನೆಯ ವ್ಯಾಪ್ತಿಯನ್ನು 10.83.47ರಂತಹ ಯಾರೂ ಆರಿಸದ ಸಂಖ್ಯೆಗೆ ಬದಲಿಸಿದರೆ ಈ ಕಾಟ ತಪ್ಪುತ್ತದೆ. ಇದನ್ನು ಮೊದಲೇ ಮಾಡಿಬಿಡುವುದು ವಾಸಿ. ಆಮೇಲೆ ಮಾಡಿದರೆ ಪ್ರಿಂಟರ್, ಕ್ಯಾಮೆರಾ ಎಂದು ಪ್ರತಿಯೊಂದರ ಹಿಂದೆಯೂ ಓಡಬೇಕಾಗುತ್ತದೆ.

ಇನ್ನೊಂದು ನಾಟಕವಿದೆ: ರೂಟರ್‌ನ ಪುಟ ತೆರೆಯುತ್ತದೆ, ಮನೆಯ ವಿಂಡೋಸ್ ಕಂಪ್ಯೂಟರ್ ಮಾತ್ರ 'ಇದ್ದೀಯಾ' ಎಂದು ಕೇಳುವ ಪಿಂಗ್‌ಗೂ ಉತ್ತರಿಸುವುದಿಲ್ಲ. ಸುರಂಗದಿಂದ ಬರುವವರ ವಿಳಾಸ ಬೇರೆ ವ್ಯಾಪ್ತಿಯದು, ವಿಂಡೋಸ್‌ನ ಫೈರ್‌ವಾಲ್ ತನ್ನ ವ್ಯಾಪ್ತಿಯಾಚೆಯವರನ್ನು ಪರಕೀಯರೆಂದೇ ನೋಡುತ್ತದೆ. ವಿಪಿಎನ್ ಮೇಲೆ ಸಿಟ್ಟು ತೀರಿಸಿಕೊಳ್ಳುವ ಮೊದಲು ಎದುರಿಗಿರುವ ಯಂತ್ರವನ್ನೂ ಒಮ್ಮೆ ವಿಚಾರಿಸಬೇಕು.

ಅರ್ಧಂಬರ್ಧ ಕೆಲಸ ಮಾಡುವ ಸುರಂಗ ಇದಕ್ಕಿಂತ ಕೆಟ್ಟದ್ದು. ಪಿಂಗ್ ಹೋಗುತ್ತದೆ, ಚಿಕ್ಕ ಪುಟಗಳು ತೆರೆಯುತ್ತವೆ, ದೊಡ್ಡ ಫೋಟೋ ಕೇಳಿದರೆ ಚಕ್ರ ತಿರುಗುತ್ತಲೇ ಇರುತ್ತದೆ. ಇದು ಗಾತ್ರದ ತೊಂದರೆ. ಸಾಮಾನ್ಯ ಜಾಲದಲ್ಲಿ ಪ್ಯಾಕೆಟ್ಟಿನ ಮಿತಿ 1500 ಬೈಟ್. ಹೆಸರು, ಗುಪ್ತಪದ ಕೊಟ್ಟು ಲೈನಿಗೆ ಸೇರುವ ಪಿಪಿಪಿಒಇ ಸಂಪರ್ಕವಿದ್ದರೆ ಅದರಲ್ಲಿ 8 ಹೋಗಿ 1492. ವೈರ್‌ಗಾರ್ಡ್ ತನ್ನ ಹೊದಿಕೆಗೆ ಐಪಿವಿ4ರಲ್ಲಿ 60, ಐಪಿವಿ6ರಲ್ಲಿ 80 ಬೈಟ್ ತೆಗೆದುಕೊಳ್ಳುತ್ತದೆ. ಅದರ ರೂಢಿಯ 1420 ಎಂಬ ಸಂಖ್ಯೆ 1500ರಲ್ಲಿ 80 ಕಳೆದು ಬಂದದ್ದು, ಪಿಪಿಪಿಒಇ ಇದ್ದರೆ 1412 ಆಗಬೇಕು. ದಾರಿಯಲ್ಲಿ ಯಾರಿಗಾದರೂ ಪ್ಯಾಕೆಟ್ ದೊಡ್ಡದಾದರೆ 'ಚಿಕ್ಕದು ಮಾಡಿ ಕಳಿಸಿ' ಎಂಬ ಸೂಚನೆ ಮರಳಬೇಕು. ಆದರೆ ಆ ಸೂಚನೆಯನ್ನೇ ಅಪಾಯವೆಂದು ತಡೆಯುವ ಫೈರ್‌ವಾಲ್‌ಗಳು ಬಹಳ. ಮತ್ತೆ ಅದೇ ಮೌನ. ಎರಡೂ ತುದಿಗಳಲ್ಲಿ ಎಂಟಿಯುವನ್ನು, ಅಂದರೆ ಪ್ಯಾಕೆಟ್ಟಿನ ಗರಿಷ್ಠ ಗಾತ್ರವನ್ನು, 1280ಕ್ಕೆ ಇಳಿಸಿ ನೋಡಿ. ಚಕ್ರ ನಿಂತು ಫೋಟೋ ಬಂದರೆ ರೋಗ ಪತ್ತೆಯಾದಂತೆ, ಆಮೇಲೆ ನಿಧಾನವಾಗಿ ಏರಿಸಿಕೊಳ್ಳಬಹುದು.

ತಾನಾಗಿ ವಾಸಿಯಾಗುವ ಕಾಯಿಲೆಯೂ ಒಂದಿದೆ. ಕರೆಂಟ್ ಹೋಗಿ ಬಂದ ಮೇಲೆ ಓಪನ್‌ವಿಪಿಎನ್ ಸ್ವಲ್ಪ ಹೊತ್ತು ಯಾರನ್ನೂ ಒಳಗೆ ಬಿಡುವುದಿಲ್ಲ, ಆಮೇಲೆ ಏನೂ ಆಗದಂತೆ ಬಿಡುತ್ತದೆ. ಬಹಳಷ್ಟು ರೂಟರ್‌ಗಳಲ್ಲಿ ಗಡಿಯಾರವನ್ನು ಜೀವಂತ ಇಡುವ ಬ್ಯಾಟರಿ ಇರುವುದಿಲ್ಲ. ಎದ್ದಾಗ ಅವು 1970ರಲ್ಲೋ ಫರ್ಮ್‌ವೇರ್ ತಯಾರಾದ ದಿನದಲ್ಲೋ ಇರುತ್ತವೆ. ಓಪನ್‌ವಿಪಿಎನ್ ಗುರುತಿಗೆ ಬಳಸುವ ಪ್ರಮಾಣಪತ್ರಗಳಿಗೆ ಅವಧಿ ಇರುತ್ತದಲ್ಲ, ರೂಟರ್‌ನ ಲೆಕ್ಕದಲ್ಲಿ ಅವು ಇನ್ನೂ ಜಾರಿಗೇ ಬಂದಿಲ್ಲ. ಇಂಟರ್ನೆಟ್ಟಿನಿಂದ ಸರಿಯಾದ ಸಮಯ ಸಿಕ್ಕ ಮೇಲೆ ಎಲ್ಲ ಸರಿಹೋಗುತ್ತದೆ. ಲಾಗ್‌ನಲ್ಲಿ ಘಟನೆಗಳ ಎದುರಿನ ತಾರೀಖನ್ನು ಓದುವ ಅಭ್ಯಾಸವಿದ್ದವರಿಗೆ ಮಾತ್ರ ಇದು ಹೊಳೆಯುತ್ತದೆ.

ಹಳೆಯ ರೂಟರ್‌ಗಳ ಪಟ್ಟಿಯಲ್ಲಿ ಪಿಪಿಟಿಪಿ ಎಂಬ ಹಳೆಯ ವಿಪಿಎನ್ ವಿಧಾನ ಇನ್ನೂ ಕಾಣುತ್ತದೆ. ಹೊಂದಿಸಲು ಅತಿ ಸುಲಭವಾದುದರಿಂದ ಜನ ಅದಕ್ಕೇ ಕೈಹಾಕುತ್ತಾರೆ. ಅದು 1723ನೇ ಪೋರ್ಟ್ ಒಂದರಿಂದಲೇ ನಡೆಯುವುದಿಲ್ಲ, ಜೊತೆಗೆ ಪೋರ್ಟೇ ಇಲ್ಲದ ಜಿಆರ್‌ಇ ಎಂಬ ಬೇರೆ ಪ್ರೊಟೊಕಾಲ್ ಬೇಕು. ನಡುವಿನ ಎಷ್ಟೋ ಯಂತ್ರಗಳಿಗೆ ಅದನ್ನು ದಾಟಿಸುವುದು ಗೊತ್ತಿಲ್ಲ. ದಾಟಿದರೂ ಅದರ ಬೀಗ 2012ರಲ್ಲೇ ಮುರಿದುಬಿತ್ತು. ಆ್ಯಪಲ್ 2016ರಲ್ಲಿ ಐಒಎಸ್ 10ರಿಂದ ಅದನ್ನು ತೆಗೆದೇ ಹಾಕಿತು. ಇದನ್ನು ರಿಪೇರಿ ಮಾಡಲು ಯಾರಾದರೂ ನನ್ನನ್ನು ಕೇಳಿದರೆ ನಾನು ಒಪ್ಪುವುದಿಲ್ಲ.

ಕೊನೆಗೆ ವೇಗ. ಮನೆಯಲ್ಲಿ ಸಿನಿಮಾ ನೋಡುವಾಗ ಇಳಿಕೆಯ ವೇಗ ಲೆಕ್ಕಕ್ಕೆ ಬರುತ್ತದೆ. ಹೊರಗಿನಿಂದ ಮನೆಯ ಡಿಸ್ಕಿನ ಫೋಟೋ ತೆರೆದಾಗ ಅದು ಮನೆಯ ಲೈನಿನ ಏರಿಕೆಯ ವೇಗದಲ್ಲಿ ಬರುತ್ತದೆ. ಬಹಳಷ್ಟು ಮನೆಯ ಸಂಪರ್ಕಗಳಲ್ಲಿ ಏರಿಕೆ ಇಳಿಕೆಗಿಂತ ಎಷ್ಟೋ ಕಡಿಮೆ. ತಂತಿಯ ಮಟ್ಟದಲ್ಲಿಯೂ ಮನೆಯನ್ನು ತೆಗೆದುಕೊಳ್ಳುವವರ ಜಾಗವೆಂದೇ ಭಾವಿಸಿದ್ದಾರೆ. ಅದರ ಮೇಲೆ ರೂಟರ್‌ನ ಚಿಕ್ಕ ಪ್ರೊಸೆಸರ್ ಗೂಢಲಿಪಿಯ ಭಾರ ಹೊರಬೇಕು, ಓಪನ್‌ವಿಪಿಎನ್‌ನಲ್ಲಿ ಅದು ಏದುಸಿರು ಬಿಡುವುದು ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ ಫೋನಿನ ಎಲ್ಲ ಸಂಚಾರವನ್ನೂ ಮನೆಯ ಮೂಲಕ ಸುತ್ತಿಸುವುದನ್ನು ನಾನು ಬಿಟ್ಟಿದ್ದೇನೆ. ವೈರ್‌ಗಾರ್ಡ್‌ನಲ್ಲಿ ಎರಡು ಪ್ರೊಫೈಲ್ ಇಟ್ಟುಕೊಂಡಿದ್ದೇನೆ: ದಿನನಿತ್ಯದ್ದರಲ್ಲಿ 'ಅಲೌಡ್ ಐಪೀಸ್' ಎಂಬ ಚೌಕದಲ್ಲಿ ಮನೆಯ ವ್ಯಾಪ್ತಿ ಮಾತ್ರ ಇದೆ, ಉಳಿದದ್ದು ನೇರವಾಗಿ ಹೋಗುತ್ತದೆ. ಗುರುತಿಲ್ಲದ ವೈಫೈಗೆಂದು ಇಟ್ಟಿರುವ ಇನ್ನೊಂದರಲ್ಲಿ 0.0.0.0/0 (ಐಪಿವಿ4ರ ಎಲ್ಲ ವಿಳಾಸಗಳು) ಮತ್ತು ::/0 (ಐಪಿವಿ6ರ ಎಲ್ಲ ವಿಳಾಸಗಳು) ಎರಡೂ ಇವೆ. ::/0 ಅನ್ನು ಬರೆಯದೆ ಬಿಟ್ಟರೆ ಐಪಿವಿ6 ಸಂಚಾರ ಸುರಂಗದ ಹೊರಗಿನಿಂದಲೇ ಜಾರಿಹೋಗಬಹುದು, ಮತ್ತು ಆಗಲೂ ಫೋನು ಕೀಲಿಕೈ ಚಿತ್ರವನ್ನೇ ತೋರಿಸುತ್ತಿರುತ್ತದೆ.